ಹದಿನೈದು ತುಂಬುವ ಸ್ವಿಫ್ಟ್: ರಿಪೇರಿ ಮಾಡಿಸುವುದೋ, ಕೊಟ್ಟುಬಿಡುವುದೋ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಹಳ್ಳಿ. 2011ರ ಅಕ್ಟೋಬರಿನಲ್ಲಿ ನೋಂದಣಿಯಾದ ಮಾರುತಿ ಸ್ವಿಫ್ಟ್ ಎಲ್‌ಡಿಐ ಡೀಸೆಲ್ ಕಾರಿದೆ, 1,46,000 ಕಿ.ಮೀ. ಓಡಿದೆ. ಈಗ ತಿಂಗಳಿಗೆ ಸುಮಾರು 600 ಕಿ.ಮೀ. ಓಡುತ್ತದೆ: ಪೇಟೆ, ತೋಟ, ಆಗಾಗ ಶಿವಮೊಗ್ಗದ ಆಸ್ಪತ್ರೆ, ವರ್ಷಕ್ಕೆ ಎರಡು ಸಲ ಬೆಂಗಳೂರು. ಏರು ಹತ್ತುವಾಗ ಕಪ್ಪು ಹೊಗೆ ಬರುತ್ತದೆ, ಪಿಕಪ್ ಇಲ್ಲ, ಕ್ಲಚ್ ಜಾರುತ್ತದೆ. ಗುಂಡಿಗೆ ಇಳಿದರೆ ಮುಂದಿನಿಂದ ಕಟಕಟ ಶಬ್ದ. ಎಸಿ ತಣ್ಣಗಾಗುವುದಿಲ್ಲ. ಗ್ಯಾರೇಜಿನವರು ಕೊಟ್ಟ ಪಟ್ಟಿ: ಕ್ಲಚ್ 13,000, ಟರ್ಬೊ 30,000, ನಾಲ್ಕೂ ಇಂಜೆಕ್ಟರ್ 36,000, ಮುಂದಿನ ಸಸ್ಪೆನ್ಷನ್ 15,000, ಎಸಿ ಕಂಡೆನ್ಸರ್ 10,000, ಒಟ್ಟು 1,04,000 ರೂ. ಹಳೆ ಕಾರು ಕೊಳ್ಳುವವರು ಇದ್ದ ಹಾಗೆಯೇ 1,40,000ಕ್ಕೆ ಕೇಳಿದ್ದಾರೆ. ಹೊಸ ಸಣ್ಣ ಕಾರಿಗೆ ಆನ್‌ರೋಡ್ 8 ಲಕ್ಷ ಆಗುತ್ತದೆ. ಬರುವ ಅಕ್ಟೋಬರಿಗೆ ಆರ್‌ಸಿ ಮುಗಿಯುತ್ತದೆ. ಮಗ ಕೊಟ್ಟುಬಿಡಿ ಅನ್ನುತ್ತಾನೆ, ನಮ್ಮ ಯಜಮಾನರಿಗೆ ಮನಸ್ಸಿಲ್ಲ. ಏನು ಮಾಡುವುದು?

ಉತ್ತರ: ಆ ಪಟ್ಟಿಗೆ ಈಗಲೇ ಹೂಂ ಅನ್ನಬೇಡಿ. ಕಾರು ಕೊಡಲೂ ಅವಸರ ಬೇಡ. ನಿಮ್ಮ ಪತ್ರದಲ್ಲಿ ಎಲ್ಲವೂ ಇದೆ, ಒಂದು ಮಾತ್ರ ಇಲ್ಲ: ಕಾರಿನ ತಳ ಹೇಗಿದೆ? ಮಲೆನಾಡಿನಲ್ಲಿ ಹದಿನಾಲ್ಕು ಮಳೆಗಾಲ ಕಳೆದ ಕಾರಿಗೆ ಇನ್ನೆಷ್ಟು ಆಯಸ್ಸು ಅನ್ನುವುದನ್ನು ಹೇಳುವುದು ಅದರ ತಗಡು. ಕ್ಲಚ್ಚು, ಇಂಜೆಕ್ಟರು, ಬುಷ್ಷು ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಕೊಳೆತ ಚಾಸಿಸ್ಸಿಗೆ ಬದಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ತಳ ಗಟ್ಟಿಯಿದ್ದು ಎಂಜಿನ್ನಿನ ಒಡಲು ಚೆನ್ನಾಗಿದ್ದರೆ, ನೀವು ಬರೆದ ಲಕ್ಷಣಗಳಿಗೆ 45ರಿಂದ 55 ಸಾವಿರದೊಳಗೆ ಕೆಲಸ ಮುಗಿಯುವ ಸಾಧ್ಯತೆ ಹೆಚ್ಚು. ಆಗ ಮೂರು ವರ್ಷ ಇಟ್ಟುಕೊಳ್ಳುವುದು ಲೆಕ್ಕಕ್ಕೆ ಕೂರುತ್ತದೆ. ತಳ ಕೊಳೆತಿದ್ದರೆ ಕ್ಲಚ್ ಕೂಡ ಹಾಕಿಸಬೇಡಿ.

ಮೊದಲು ಒಂದು ತಪ್ಪು ಹೋಲಿಕೆಯನ್ನು ಬಿಡೋಣ. "ಕಾರಿನ ಬೆಲೆಯೇ ಒಂದು ನಲವತ್ತು, ಅದಕ್ಕೆ ಒಂದು ಲಕ್ಷ ಸುರಿಯುವುದೇ?" ಎಂದು ನಿಮ್ಮ ಮಗ ಕೇಳಿರಬಹುದು, ಎಲ್ಲರೂ ಹಾಗೆಯೇ ಕೇಳುತ್ತಾರೆ. ಆದರೆ ಕಾರಿನ ಬೆಲೆ ಮಾರುವವರಿಗೆ ಬೇಕಾದ ಅಂಕಿ. ಓಡಿಸುವವರು ನೋಡಬೇಕಾದದ್ದು ಬೇರೆ: ಮುಂದಿನ ಮೂರು ವರ್ಷ ಈ ಕಾರಿನಲ್ಲಿ ಓಡಾಡಲು ಒಟ್ಟು ಎಷ್ಟಾಗುತ್ತದೆ, ಬೇರೆ ಕಾರಿನಲ್ಲಿ ಓಡಾಡಲು ಎಷ್ಟಾಗುತ್ತದೆ. ಕ್ಲಚ್, ಟಯರ್, ಬ್ಯಾಟರಿ, ಬುಷ್ ಇವೆಲ್ಲ ಸವೆಯಲೆಂದೇ ಇರುವ ಭಾಗಗಳು. ಹೊಸ ಕಾರು ಕೊಂಡರೂ ಇವುಗಳ ಸರದಿ ಬಂದೇ ಬರುತ್ತದೆ.

ತಳ ನೋಡುವ ಬಗೆ

ಕಾರನ್ನು ತೊಳೆಸಿ, ಎರಡು ದಿನ ಒಣಗಲು ಬಿಟ್ಟು, ರ‍್ಯಾಂಪ್ ಇರುವ ಗ್ಯಾರೇಜಿಗೆ ಒಯ್ಯಿರಿ. ನಾಲ್ಕೂ ಚಕ್ರ ಬಿಚ್ಚಿಸಿ. ಒಂದು ಟಾರ್ಚು, ಒಂದು ಚಪ್ಪಟೆ ಸ್ಕ್ರೂಡ್ರೈವರ್ ಸಾಕು. ಮುಕ್ಕಾಲು ಗಂಟೆಯ ಕೆಲಸ. ಯಜಮಾನರು ಪಕ್ಕದಲ್ಲೇ ನಿಂತು ನೋಡಲಿ.

ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಠಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಅನುಮಾನ ಬಂದ ಕಡೆ ಮೊನೆಯಿಂದ ಒತ್ತಿ ನೋಡಿ. ಮೇಲಿನ ಕೆಂಪು ಪದರ ಕೆರೆದಾಗ ಒಳಗೆ ಹೊಳೆಯುವ ಲೋಹ ಕಂಡರೆ ಹೆದರಬೇಕಿಲ್ಲ. ಮೊನೆ ಒಳಗೆ ಇಳಿದರೆ ಅಲ್ಲಿಗೆ ಆ ಭಾಗ ಮುಗಿಯಿತು. ಅಂಡರ್‌ಬಾಡಿ ಕೋಟಿಂಗ್ ದಪ್ಪಗೆ ಬಳಿದಿದ್ದರೆ ಅದನ್ನೇ ನಂಬಿ ಬಿಡಬೇಡಿ; ಉಬ್ಬಿದ ಕಡೆ ಕೆರೆಸಿ ನೋಡಿ. ಕಪ್ಪು ಪದರದ ಅಡಿಯಲ್ಲಿ ನೀರು ನಿಂತು ತಗಡನ್ನು ತಿನ್ನುವುದು ಹೊರಗೆ ಕಾಣಿಸುವುದೇ ಇಲ್ಲ.

ನೋಡಬೇಕಾದ ಜಾಗಗಳು ಇವು. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್, ಅದರಲ್ಲೂ ಜ್ಯಾಕ್ ಕೊಡುವ ನಾಲ್ಕು ಕಡೆ. ಲೋವರ್ ಆರ್ಮ್‌ಗಳು ಕೂರುವ, ಮುಂದೆ ಅಡ್ಡಕ್ಕಿರುವ ತೊಲೆ, ಅಂದರೆ ಕ್ರಾಸ್ ಮೆಂಬರ್. ಬಾನೆಟ್ ಎತ್ತಿದಾಗ ಎರಡೂ ಬದಿ ಕಾಣುವ, ಮುಂಚಕ್ರದ ಶಾಕ್ ಅಬ್ಸಾರ್ಬರ್ ಅಂದರೆ ಸ್ಟ್ರಟ್‌ನ ತಲೆ ಬೋಲ್ಟ್ ಆಗಿರುವ ಗುಂಬ. ಹಿಂದಿನ ಆಕ್ಸಲ್ ಬೀಮ್ ಬಾಡಿಗೆ ಸೇರುವ ಜಾಗ. ಹಿಂಚಕ್ರದ ಕಮಾನಿನ ಒಳಗೆ ಜಂಬಿಟ್ಟಿಗೆ ಮಣ್ಣು ಮೆತ್ತಿ ವರ್ಷಗಟ್ಟಲೆ ತೇವ ಹಿಡಿದಿರುತ್ತದೆ, ಅಲ್ಲಿ ಮಣ್ಣು ಕಿತ್ತು ನೋಡಬೇಕು. ಡೀಸೆಲ್ ಟ್ಯಾಂಕಿನ ಪಟ್ಟಿಗಳು. ಹಿಂದಕ್ಕೆ ಹೋಗುವ ಬ್ರೇಕಿನ ಉಕ್ಕಿನ ಪೈಪುಗಳು. ಇವು ತುಕ್ಕು ಹಿಡಿದು ಒಡೆದರೆ ಪೆಡಲ್ ಏಕಾಏಕಿ ತಳ ಮುಟ್ಟುತ್ತದೆ.

ಕಾರಿನ ಒಳಗೂ ಒಂದು ಪರೀಕ್ಷೆಯಿದೆ. ಮುಂದಿನ ಎರಡೂ ಸೀಟಿನ ಕಾಲ್ಕೆಳಗಿನ ಕಾರ್ಪೆಟ್ ಎತ್ತಿಸಿ. ನಿಮ್ಮ ಕಡೆ ಮರದಡಿ ನಿಲ್ಲುವ ಕಾರುಗಳಲ್ಲಿ ವೈಪರ್ ಕೆಳಗಿನ ಜಾಲರಿಯೊಳಗೆ ಎಲೆ ಕೊಳೆತು ನೀರು ಇಳಿಯುವ ತೂತು ಕಟ್ಟಿಕೊಳ್ಳುತ್ತದೆ. ಆ ನೀರು ಒಳಗೆ ಹರಿದು ಕಾರ್ಪೆಟ್ಟಿನ ಅಡಿಯ ಫೋಮಿನಲ್ಲಿ ನಿಂತು, ತಳವನ್ನು ಒಳಗಿನಿಂದ ತಿನ್ನುತ್ತದೆ. ಫೋಮ್ ಹಿಂಡಿದರೆ ನೀರು ಬಂದರೆ, ಅಥವಾ ಮಳೆಗಾಲದಲ್ಲಿ ಕಾರೊಳಗೆ ಮುಗ್ಗಲು ವಾಸನೆ ಬರುತ್ತಿದ್ದರೆ, ಅಲ್ಲಿ ಎಚ್ಚರಿಕೆಯಿಂದ ನೋಡಿ. ಬಾಗಿಲ ಕೆಳಂಚಿನ ನೀರಿಳಿಯುವ ತೂತುಗಳನ್ನೂ ಕಡ್ಡಿ ಹಾಕಿ ತೆರೆಯಿರಿ. ಅಲ್ಲೇ ಇಲಿ ವೈರು ಕಡಿದಿದೆಯೇ ಎಂದೂ ನೋಡಿಬಿಡಿ. ವೈರಿಂಗ್ ಹಾರ್ನೆಸ್‌ಗೆ ಅಲ್ಲಲ್ಲಿ ಟೇಪ್ ಸುತ್ತಿದ ಕಾರು ಮಳೆಯ ದಿನವೇ ಕೈಕೊಡುತ್ತದೆ.

ಬಾಗಿಲಂಚು, ಫೆಂಡರ್, ಡಿಕ್ಕಿಯ ತುಕ್ಕು ನೋಡಲು ಕೆಟ್ಟದಾಗಿ ಕಂಡರೂ ಜೀವಕ್ಕೆ ಅಪಾಯವಿಲ್ಲ, ಟಿಂಕರಿಂಗಿನವರು ಸರಿಮಾಡುತ್ತಾರೆ. ಸಿಲ್‌ನಲ್ಲಿ ಅಂಗೈಯಷ್ಟು ಒಂದು ತೂತಿದ್ದರೆ ಕೊಳೆತಷ್ಟನ್ನೂ ಕತ್ತರಿಸಿ ಅಷ್ಟೇ ದಪ್ಪದ ತಗಡು ವೆಲ್ಡ್ ಮಾಡಿಸಬಹುದು. ಆದರೆ ಕ್ರಾಸ್ ಮೆಂಬರ್, ಸ್ಟ್ರಟ್ ಗುಂಬ, ಹಿಂದಿನ ಬೀಮ್ ಸೇರುವ ಜಾಗ, ಈ ಮೂರರಲ್ಲಿ ಎಲ್ಲಿ ತೂತು ಬಿದ್ದಿದ್ದರೂ ನಿಮಗೆ ನಾನು ಹೇಳುವುದು ಒಂದೇ: ಇನ್ನು ದುಡ್ಡು ಹಾಕಬೇಡಿ. ಸಸ್ಪೆನ್ಷನ್ ಹಿಡಿದಿರುವ ತಗಡು ಘಾಟಿಯ ತಿರುವಿನಲ್ಲಿ ಹರಿದರೆ ಸ್ಟೀರಿಂಗ್ ಕೈಯಲ್ಲಿದ್ದೂ ಕಾರು ಕೈಯಲ್ಲಿರುವುದಿಲ್ಲ.

ಎಂಜಿನ್ನಿನ ಒಡಲು

ತಳ ಪಾಸಾದ ಮೇಲೆ ಎಂಜಿನ್. ನಿಮ್ಮ ಕಾರಿನಲ್ಲಿರುವುದು ಫಿಯಟ್ ಮೂಲದ 1.3 ಲೀಟರ್ ಮಲ್ಟಿಜೆಟ್. ಮಾರುತಿಯು 2020ರ ಏಪ್ರಿಲಿನಲ್ಲಿ ಹೊಗೆಯ ಹೊಸ ನಿಯಮ ಬಿಎಸ್-6 ಬಂದಾಗ ಡೀಸೆಲ್ ಕಾರು ನಿಲ್ಲಿಸಿದರೂ, ಇದೇ ಎಂಜಿನ್ ಡಿಸೈರ್, ರಿಟ್ಜ್, ಎರ್ಟಿಗಾ, ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊಗಳಲ್ಲಿ ಲಕ್ಷಗಟ್ಟಲೆ ಓಡಿದೆ. ಬಿಡಿಭಾಗಕ್ಕೆ ಕೊರತೆಯಿಲ್ಲ, ತಾಲೂಕು ಕೇಂದ್ರದ ಮೆಕ್ಯಾನಿಕ್‌ಗೂ ಇದರ ಕೈಗುಣ ಗೊತ್ತು. 1,46,000 ಕಿ.ಮೀ. ಇದಕ್ಕೆ ಮುಪ್ಪಲ್ಲ, ಆಯಿಲ್ ಹೊತ್ತುಹೊತ್ತಿಗೆ ಬದಲಾಗಿದ್ದರೆ.

ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಶುರುಮಾಡಿ ನಾಲ್ಕು ವಿಷಯ ನೋಡಿ. ಕೂಲೆಂಟ್ ಟ್ಯಾಂಕಿನಲ್ಲಿ ಮಟ್ಟ ತಿಂಗಳು ತಿಂಗಳೂ ಇಳಿಯುತ್ತದೆಯೇ, ಎಣ್ಣೆಯ ಪದರ ತೇಲುತ್ತದೆಯೇ? ಡಿಪ್‌ಸ್ಟಿಕ್‌ನ ಆಯಿಲ್ ಹಾಲು ಬೆರೆತಂತೆ ಕಾಣುತ್ತದೆಯೇ? ಇವುಗಳಲ್ಲಿ ಒಂದಿದ್ದರೂ ಎಂಜಿನ್ನಿನ ತಲೆ ಮತ್ತು ಒಡಲ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್‌ನ ಅನುಮಾನ. ಸ್ಟಾರ್ಟ್ ಆದೊಡನೆ ಚೈನ್ ಕಡೆಯಿಂದ ಗರಗರ ಸದ್ದು ಎಷ್ಟು ಹೊತ್ತು ಇರುತ್ತದೆ? ಬಿಸಿಯಾದ ಮೇಲೆ ಐಡಲಿನಲ್ಲಿ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಪುಸ್ ಪುಸ್ ಎಂದು ರಭಸದಿಂದ ಉಗುಳುತ್ತದೆಯೇ? ತೆಳ್ಳಗೆ ಆವಿ ಬರುವುದು ಸಹಜ. ಮುಚ್ಚಳ ಸಡಿಲವಾಗಿಟ್ಟರೆ ಕುಣಿಯುವಷ್ಟು ಒತ್ತಡವಿದ್ದರೆ ಪಿಸ್ಟನ್ ರಿಂಗ್ ಸವೆದಿದೆ. ಆಗ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದು ಮಾತ್ರ ಉಳಿದ ಮೂರಕ್ಕಿಂತ ತುಂಬ ಕೆಳಗಿದ್ದರೆ ಎಂಜಿನ್ ಬಿಚ್ಚುವ ಕೆಲಸ. ಅಷ್ಟು ದೂರ ಹೋಗುವ ಕಾರಲ್ಲ ಇದು, ಅಲ್ಲಿಗೇ ಕೊಟ್ಟುಬಿಡಿ.

ಚೈನಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ನಿಮ್ಮ ಪಟ್ಟಿಯಲ್ಲಿ ಅದರ ಸುದ್ದಿಯೇ ಇಲ್ಲ. ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ಈ ಎಂಜಿನ್ನಿಗೆ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್ ಇದೆ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಆಯಿಲ್ ಏರುವವರೆಗೆ ಒಂದೆರಡು ಸೆಕೆಂಡು ಸದ್ದು ಬಂದು ನಿಂತರೆ ಪರವಾಗಿಲ್ಲ. ನಾಲ್ಕೈದು ಸೆಕೆಂಡು ಮೀರಿದರೆ, ಇಲ್ಲವೇ ಐಡಲಿನಲ್ಲೂ ಉಳಿದರೆ, ಚೈನ್ ಉದ್ದವಾಗಿದೆ. ಅದು ಹಲ್ಲು ಹಾರಿದ ದಿನ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ರಾಕರ್‌ಗಳು ಮುರಿಯುತ್ತವೆ. ಚೈನ್, ಗೈಡ್, ಟೆನ್ಷನರ್ ಮೂರನ್ನೂ ಒಟ್ಟಿಗೆ ಬದಲಿಸುವ ಖರ್ಚನ್ನು ಮುಂದಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕಾರು ಇಟ್ಟುಕೊಳ್ಳುವುದಾದರೆ ಇದನ್ನು ಮುಂದೂಡಬಾರದು.

ಪಟ್ಟಿಯ ಒಂದೊಂದು ಸಾಲು

ಕ್ಲಚ್ ನಿಜವಾಗಿಯೂ ಹೋಗಿದೆಯೇ ಎಂದು ನೀವೇ ನೋಡಬಹುದು. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಿಂದ ಆಕ್ಸಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಹಾರಿ, ವೇಗ ಏರದೆ ಉಳಿದರೆ ಜಾರುತ್ತಿದೆ. ನೀವು ಬರೆದದ್ದು ನೋಡಿದರೆ ಇದು ಮಾಡಿಸಲೇಬೇಕಾದ ಕೆಲಸ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಸೆಟ್ ಆಗಿಯೇ ಹಾಕಿಸಿ. ಗೇರ್‌ಬಾಕ್ಸ್ ಇಳಿಸಿದಾಗ ಫ್ಲೈವೀಲಿನ ಮೈಯಲ್ಲಿ ಗೆರೆ, ನೀಲಿ ಸುಟ್ಟ ಕಲೆ ಇದೆಯೇ ನೋಡಲಿ. ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಜಿನುಗುತ್ತಿದ್ದರೆ ಅದೇ ಕೂಲಿಯಲ್ಲಿ ಬದಲಿಸಲಿ. ಆಗ ಬಿಟ್ಟರೆ ಆರು ತಿಂಗಳಲ್ಲಿ ಹೊಸ ಪ್ಲೇಟಿಗೆ ಎಣ್ಣೆ ತಾಗಿ ಎಲ್ಲವನ್ನೂ ಮತ್ತೆ ಇಳಿಸಬೇಕಾಗುತ್ತದೆ.

ಟರ್ಬೊ 30,000, ಇಂಜೆಕ್ಟರ್ 36,000 ಈ ಎರಡು ಸಾಲಿನಲ್ಲಿ ನಿಮ್ಮ ಬಿಲ್ಲಿನ ಮೂರರಲ್ಲಿ ಎರಡು ಪಾಲಿಗೆ ಸಮೀಪದ ದುಡ್ಡಿದೆ. ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಇಂಜೆಕ್ಟರ್ ಡೀಸೆಲ್ ಸಿಂಪಡಿಸುತ್ತದೆ. ಪರೀಕ್ಷೆ ಮಾಡಿಯೇ ಬರೆದದ್ದೇ ಎಂದು ಗ್ಯಾರೇಜಿನವರನ್ನು ನೇರವಾಗಿ ಕೇಳಿ. ಕಪ್ಪು ಹೊಗೆಯ ಅರ್ಥ ಸರಳ: ಸುಡುವ ಡೀಸೆಲಿಗೆ ಸಾಕಷ್ಟು ಗಾಳಿ ಸಿಗುತ್ತಿಲ್ಲ. ಗಾಳಿ ಕಡಿಮೆಯಾಗಲು ಅಗ್ಗದ ಕಾರಣಗಳು ಹಲವಿವೆ. ಏರ್ ಫಿಲ್ಟರ್ ಕಟ್ಟಿದೆ. ಟರ್ಬೊದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಬಿರಿದಿದೆ ಅಥವಾ ಕ್ಲಿಪ್ ಸಡಿಲವಾಗಿದೆ. ಎಂಜಿನ್ ಎಳೆಯುವಾಗ ಮಾತ್ರ ಬಿರುಕು ಬಾಯಿ ತೆರೆಯುವುದರಿಂದ ನಿಂತ ಕಾರಿನಲ್ಲಿ ಗೊತ್ತಾಗುವುದಿಲ್ಲ, ಹೋಸನ್ನು ಬಿಚ್ಚಿ ಬಗ್ಗಿಸಿ ನೋಡಬೇಕು. ಇಜಿಆರ್ ವಾಲ್ವ್ ಮಸಿ ಹಿಡಿದು ತೆರೆದೇ ಉಳಿದಿದೆ, ಹೊಗೆಯನ್ನೇ ಮತ್ತೆ ಎಂಜಿನ್ನಿಗೆ ಊದುತ್ತಿದೆ. ಗಾಳಿ ಅಳೆಯುವ ಸೆನ್ಸರಿಗೆ ಕೊಳೆ ಕೂತಿದೆ. ಈ ನಾಲ್ಕನ್ನೂ ಸರಿಪಡಿಸಲು ನಾಲ್ಕೈದು ಸಾವಿರ ಸಾಕು. ಇದನ್ನು ಮಾಡಿ, ಸ್ಕ್ಯಾನರ್ ಹಾಕಿ, ಏರಿನಲ್ಲಿ ಓಡಿಸಿ ನೋಡದೆ ಟರ್ಬೊಗೆ ಕೈ ಹಾಕಲು ಬಿಡಬೇಡಿ.

ಟರ್ಬೊ ಕೆಟ್ಟಿದ್ದರೆ ಬೇರೆ ಗುರುತು ಇರುತ್ತದೆ: ನೀಲಿ ಹೊಗೆ, ಆಯಿಲ್ ಕಡಿಮೆಯಾಗುವುದು, ಸೈರನ್ನಿನಂತೆ ಏರುವ ಕೂಗು. ಹೋಸ್ ಬಿಚ್ಚಿ ಒಳಗಿನ ಚಕ್ರದ ಅಚ್ಚನ್ನು ಬೆರಳಲ್ಲಿ ಅಲ್ಲಾಡಿಸಿದರೆ ಅಡ್ಡಕ್ಕೆ ತುಸು ಆಡುವುದು ಸಹಜ. ಹಿಂದೆ ಮುಂದೆ ಎಳೆದಾಗ ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತಿದ್ದರೆ ಹೋಗಿದೆ. ಹೋಸಿನ ಒಳಗೆ ತೆಳ್ಳಗೆ ಎಣ್ಣೆ ಪಸೆ ಇರುವುದನ್ನೇ ತೋರಿಸಿ "ಟರ್ಬೊ ಲೀಕ್" ಅಂದರೆ ಒಪ್ಪಬೇಡಿ, ಆ ಪಸೆ ಎಲ್ಲ ಡೀಸೆಲ್ ಕಾರಿನಲ್ಲೂ ಇರುತ್ತದೆ. ಒಂದುವೇಳೆ ಬದಲಿಸಲೇಬೇಕಾದರೆ ಟರ್ಬೊಗೆ ಆಯಿಲ್ ಒಯ್ಯುವ ಸಣ್ಣ ಪೈಪನ್ನೂ ಹೊಸದು ಹಾಕಿಸಿ. ಹಳೆ ಟರ್ಬೊವನ್ನು ಕೊಂದದ್ದು ಎಷ್ಟೋ ಸಲ ಮಸಿ ಕಟ್ಟಿದ ಆ ಪೈಪೇ. ಅದು ಹಾಗೆಯೇ ಉಳಿದರೆ ಹೊಸದನ್ನೂ ಕೊಲ್ಲುತ್ತದೆ.

ಇಂಜೆಕ್ಟರಿಗೆ ರಿಟರ್ನ್ ಪರೀಕ್ಷೆ ಅಂತ ಇದೆ. ನಾಲ್ಕೂ ಇಂಜೆಕ್ಟರಿನ ವಾಪಸಿ ಪೈಪು ತೆಗೆದು, ನಾಲ್ಕು ಪಾರದರ್ಶಕ ಬಾಟಲಿಗೆ ಜೋಡಿಸಿ ಎರಡು ಮೂರು ನಿಮಿಷ ಐಡಲಿನಲ್ಲಿ ಓಡಿಸುತ್ತಾರೆ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ ನಿಲ್ಲಬೇಕು. ಒಂದರಲ್ಲಿ ಮಾತ್ರ ಎರಡು ಪಟ್ಟು ತುಂಬಿದರೆ ಸವೆದದ್ದು ಅದೊಂದೇ, ಉಳಿದ ಮೂರನ್ನು ಯಾಕೆ ಬದಲಿಸಬೇಕು? ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಪಕ್ಕದಲ್ಲೇ ಇರುವ ಉಕ್ಕಿನ ಪೈಪಿನಲ್ಲಿ 1,000 ಬಾರ್‌ಗೂ ಮಿಕ್ಕಿ ಏರಬಲ್ಲ ಒತ್ತಡ ಇರುತ್ತದೆ, ಜಿನುಗಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಇಂಜೆಕ್ಟರ್ ಬದಲಿಸಿದ ಮೇಲೆ ತಾಮ್ರದ ವಾಷರ್ ಹೊಸದಿರಲಿ, ಇಂಜೆಕ್ಟರಿನ ಮೇಲಿನ ಕೋಡನ್ನು ಸ್ಕ್ಯಾನರಿನಿಂದ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ತುಂಬಿಸಲಿ. ಕೋಡ್ ತುಂಬದೆ ಬಿಟ್ಟರೆ ಹೊಸ ಇಂಜೆಕ್ಟರಿನಲ್ಲೂ ಹೊಗೆ, ನಡುಕ ಉಳಿಯುತ್ತದೆ.

ಮುಂದಿನ ಕಟಕಟಕ್ಕೆ ಅತ್ಯಂತ ಅಗ್ಗದ ಕಾರಣ ಸ್ಟೆಬಿಲೈಜರ್ ಲಿಂಕ್ ಮತ್ತು ಅದರ ಬುಷ್. ಅದಾದ ಮೇಲೆ ಲೋವರ್ ಆರ್ಮ್‌ನ ಬುಷ್, ಬಾಲ್ ಜಾಯಿಂಟ್, ಸ್ಟ್ರಟ್ ಮೌಂಟ್. ಚಕ್ರ ಎತ್ತಿ ಸರಳು ಕೊಟ್ಟು ಮೀಟಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಸ್ಟ್ರಟ್‌ನಿಂದ ಎಣ್ಣೆ ಸೋರದಿದ್ದರೆ ಅದನ್ನು ಬದಲಿಸಬೇಕಿಲ್ಲ. ಬಾಲ್ ಜಾಯಿಂಟ್ ಮಾತ್ರ ಒಂದು ದಿನವೂ ತಡ ಮಾಡುವಂಥದ್ದಲ್ಲ. ಕೆಲಸವಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ.

ಎಸಿ ಕೊನೆಗಿರಲಿ. ಗ್ಯಾಸ್ ತುಂಬಿ ಕಳಿಸುವ ಬದಲು ಎಲ್ಲಿ ಸೋರುತ್ತದೆ ಎಂದು ಒತ್ತಡ ಕೊಟ್ಟು ಹುಡುಕಿಸಿ. ಆದರೆ ಎಸಿ ಬೇಡವೇ ಬೇಡ ಅನ್ನಬೇಡಿ: ಜುಲೈ ಮಳೆಯಲ್ಲಿ ಮುಂದಿನ ಗಾಜಿನ ಮಂಜು ಬೇಗ ಬಿಡಿಸುವುದು ಅದೇ.

ಹೀಗೆ ನೋಡಿದರೆ ಕ್ಲಚ್ 13,000, ಸಸ್ಪೆನ್ಷನ್ 15,000, ಹೋಸ್, ಇಜಿಆರ್ ಕೆಲಸ 5,000, ಒಂದು ಇಂಜೆಕ್ಟರ್ 9,000, ಎಸಿ 10,000, ಒಟ್ಟು 52,000.

ಮೂರು ವರ್ಷದ ಲೆಕ್ಕ

ಈ ಕಾರನ್ನು ಇಟ್ಟುಕೊಂಡರೆ: ಈಗಿನ ಕೆಲಸ 52,000. ಆರ್‌ಸಿ ನವೀಕರಣದ ಓಡಾಟ ಸೇರಿ 8,000. ಸರ್ವೀಸು, ಸಣ್ಣಪುಟ್ಟ ರಿಪೇರಿಗೆ ವರ್ಷಕ್ಕೆ 25,000ದಂತೆ 75,000. ನಡುವೆ ಒಮ್ಮೆ ನಾಲ್ಕು ಟಯರ್, ಒಂದು ಬ್ಯಾಟರಿ 24,000. ಮೂರು ವರ್ಷದ ಬಳಿಕ ಕಾರು 70,000ಕ್ಕೆ ಹೋದರೆ ಬೆಲೆ ಇಳಿದದ್ದು 70,000. ಒಟ್ಟು 2,29,000.

ಹೊಸದಕ್ಕೆ: 8 ಲಕ್ಷದ ಕಾರು ಮೂರು ವರ್ಷಕ್ಕೆ 5.2 ಲಕ್ಷಕ್ಕೆ ಇಳಿಯುತ್ತದೆ ಎಂದು ಹಿಡಿದರೆ 2,80,000. ಐದು ಲಕ್ಷ ಸಾಲ, ಶೇ. 9.5 ಬಡ್ಡಿ, ಐದು ವರ್ಷವಾದರೆ ತಿಂಗಳ ಕಂತು ಸುಮಾರು 10,500. ಮೊದಲ ಮೂರು ವರ್ಷದಲ್ಲಿ ಬಡ್ಡಿಗೇ 1,07,000 ಹೋಗುತ್ತದೆ. ಸರ್ವೀಸಿಗೆ 20,000, ಎರಡನೇ ಮೂರನೇ ವರ್ಷದ ವಿಮೆಗೆ ಹೆಚ್ಚುವರಿ 24,000. ಇಂಧನದಲ್ಲಿ ಉಳಿತಾಯವಿಲ್ಲ, ನಷ್ಟವೇ ಇದೆ: ವರ್ಷಕ್ಕೆ 7,200 ಕಿ.ಮೀ.ಗೆ ನಿಮ್ಮ ಡೀಸೆಲ್ ಕಾರು ಲೀಟರಿಗೆ 18ರಂತೆ 400 ಲೀಟರ್ ಕುಡಿಯುತ್ತದೆ, 91 ರೂ. ದರಕ್ಕೆ 36,400. ಪೆಟ್ರೋಲ್ ಕಾರು ಲೀಟರಿಗೆ 16ರಂತೆ 450 ಲೀಟರ್, 103 ರೂ. ದರಕ್ಕೆ 46,350. ಮೂರು ವರ್ಷಕ್ಕೆ 30,000 ಹೆಚ್ಚು. ಎಲ್ಲ ಸೇರಿ 4,61,000.

ವ್ಯತ್ಯಾಸ 2,32,000, ಅಂದರೆ ತಿಂಗಳಿಗೆ 6,400 ರೂ. ಟರ್ಬೊ, ನಾಲ್ಕೂ ಇಂಜೆಕ್ಟರ್ ನಿಜಕ್ಕೂ ಕೆಟ್ಟಿದ್ದು ಪೂರ್ತಿ 1,04,000 ಕಟ್ಟಿದರೂ, ಮೇಲೆ ಚೈನ್ ಕೆಲಸ ಬಂದರೂ, ಹಳೆಯದೇ ಅಗ್ಗ. ನಿಮ್ಮ ಅಂಕಿಗಳನ್ನು ಹಾಕಿ ಇದನ್ನೇ ಮತ್ತೊಮ್ಮೆ ಬರೆದು ನೋಡಿ. ತಿಂಗಳಿಗೆ 2,000 ಕಿ.ಮೀ. ಓಡಿಸುವ ಮನೆಯಾಗಿದ್ದರೆ ರಿಪೇರಿ, ಟಯರು, ಗ್ಯಾರೇಜಿನಲ್ಲಿ ನಿಲ್ಲುವ ದಿನ ಎಲ್ಲ ಹೆಚ್ಚಿ ಲೆಕ್ಕ ಬೇರೆಯಾಗುತ್ತಿತ್ತು.

ಹಾಗಾದರೆ ಆ 6,400ಕ್ಕೆ ಸಿಗುವುದೇನು? ನಿಮ್ಮ ಮಗನ ಮಾತಿನಲ್ಲಿ ನಿಜವಾದ ತೂಕ ಇರುವುದು ಇಲ್ಲಿ. ನಿಮ್ಮ ಎಲ್‌ಡಿಐನಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಆಮೇಲೆ ಹಾಕಿಸಲೂ ಆಗುವುದಿಲ್ಲ. 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನ ಎಲ್ಲ ಮಾದರಿಗಳಲ್ಲೂ ಆರು ಏರ್‌ಬ್ಯಾಗ್ ಇವೆ. ಸಾಗರ ಪೇಟೆಗೆ 40ರ ವೇಗದಲ್ಲಿ ಹೋಗಿಬರುವುದು ಒಂದು, ಮಳೆಯಲ್ಲಿ ಬೆಂಗಳೂರಿನ ಹೆದ್ದಾರಿಯಲ್ಲಿ 90ರಲ್ಲಿ ಬ್ರೇಕ್ ಒತ್ತುವುದು ಇನ್ನೊಂದು. ಕಾರು ಇಟ್ಟುಕೊಂಡರೆ ಬೆಂಗಳೂರಿಗೆ ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ. ಸಾಗರದ ಜಂಬಗಾರು ನಿಲ್ದಾಣ ನಿಮಗೆ ಹತ್ತಿರವೇ ಇದೆ. ಇಬ್ಬರಲ್ಲಿ ಒಬ್ಬರಿಗೆ ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾದ ಕಾಯಿಲೆ ಇದ್ದರೆ ಈ ಲೆಕ್ಕವನ್ನೆಲ್ಲ ಪಕ್ಕಕ್ಕಿಟ್ಟು ಬದಲಿಸಿ. ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂಬ ಅಳುಕಿನೊಂದಿಗೆ ಬದುಕುವ ವಯಸ್ಸಲ್ಲ ಅದು.

ಐದಾರು ವರ್ಷದ ಹಳೆ ಪೆಟ್ರೋಲ್ ಕಾರಿನ ದಾರಿಯೂ ಇದೆ. ಕರ್ನಾಟಕದಲ್ಲಿ ಹೊಸ ಕಾರಿನ ಆಜೀವ ತೆರಿಗೆ ದುಬಾರಿ, ಹಳೆಯದರಲ್ಲಿ ಅದನ್ನು ಮೊದಲ ಮಾಲೀಕರೇ ಕಟ್ಟಿರುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರಿನ ಜಿಎಸ್‌ಟಿ ಶೇ. 18ಕ್ಕೆ ಇಳಿದ ಮೇಲೆ ಹಳೆ ಕಾರಿನ ಬೆಲೆಯಲ್ಲೂ ಚೌಕಾಸಿಗೆ ಜಾಗವಾಗಿದೆ. ಆದರೂ ಅದು ಇನ್ನೊಬ್ಬರು ಓಡಿಸಿದ ಕಾರು. ನಿಮ್ಮದರ ಕುಂದುಕೊರತೆ ನಿಮಗೆ ಗೊತ್ತು, ಅದರದ್ದು ಗೊತ್ತಿಲ್ಲ. ಕೊಳ್ಳುವುದಾದರೆ ಮೇಲೆ ಹೇಳಿದ ತಳದ ಪರೀಕ್ಷೆಯನ್ನು ಅದಕ್ಕೂ ಮಾಡಿಸಿ.

ಆರ್‌ಸಿ, ಎಮಿಷನ್, ವಿಮೆ

ಹದಿನೈದು ವರ್ಷವಾದೊಡನೆ ಕಾರು ಗುಜರಿಗೆ ಎಂಬ ಮಾತು ನಮ್ಮಲ್ಲಿ ಹರಡಿದೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಎಂಬ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ಪ್ರದೇಶದ್ದು. ಇಲ್ಲಿ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಕಾರನ್ನು ತೋರಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಅವಧಿ ಮುಗಿಯುವ 60 ದಿನ ಮುಂಚಿನಿಂದ ಅರ್ಜಿ ಹಾಕಬಹುದು, ನಿಮಗೆ ಅಂದರೆ ಆಗಸ್ಟಿನಿಂದ. ಕಾರಿಗೆ ಕೇಂದ್ರದ ಶುಲ್ಕ 5,000 ರೂ., ಅದರ ಜೊತೆ ರಾಜ್ಯದ ಹಸಿರು ತೆರಿಗೆ. ತಡವಾದರೆ ತಿಂಗಳಿಗೆ 500 ರೂ. ದಂಡ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಿಂದ ಶುಲ್ಕ 10,000 ಆಗಿದೆ, ಹಾಗಾಗಿ 2031ರಲ್ಲಿ ಇನ್ನೊಮ್ಮೆ ನವೀಕರಿಸುವ ಆಸೆ ಇಟ್ಟುಕೊಳ್ಳಬೇಡಿ.

ತಪಾಸಣೆಯ ದಿನ ಎಚ್‌ಎಸ್‌ಆರ್‌ಪಿ ನಂಬರ್ ಫಲಕ, ಚಾಲ್ತಿಯಲ್ಲಿರುವ ವಿಮೆ, ಎಮಿಷನ್ ಪತ್ರ ಬೇಕು. ದೀಪ, ಹಾರ್ನ್, ವೈಪರ್, ಟಯರ್, ಬ್ರೇಕ್ ಸರಿಯಿರಬೇಕು, ಬಣ್ಣ ಆರ್‌ಸಿಯಲ್ಲಿ ಬರೆದದ್ದೇ ಇರಬೇಕು. ಚಾಸಿಸ್ ನಂಬರಿನ ಪೆನ್ಸಿಲ್ ಅಚ್ಚು ತೆಗೆಯುತ್ತಾರೆ. ಅಲ್ಲಿ ತುಕ್ಕು ಹಿಡಿದು ಅಂಕಿ ಅಳಿಸಿದ್ದರೆ ತೊಂದರೆ, ಈಗಲೇ ಒರೆಸಿ ನೋಡಿಕೊಳ್ಳಿ. ಕಪ್ಪು ಹೊಗೆ ಸರಿಯಾಗದೆ ಎಮಿಷನ್ ಪಾಸಾಗದು: ಡೀಸೆಲ್ ಹೊಗೆ ಎಷ್ಟು ದಟ್ಟ ಎಂಬ ಅಂಕಿಯ ಮಿತಿ ಬಿಎಸ್-4 ಕಾರಿಗೆ 1.62, ಅದಕ್ಕಿಂತ ಹಳೆಯದಕ್ಕೆ 2.45. ನಿಮ್ಮದು ಯಾವುದೆಂದು ಆರ್‌ಸಿಯಲ್ಲಿದೆ. ಪರೀಕ್ಷೆಗೆ ಮುನ್ನ ಇಪ್ಪತ್ತು ನಿಮಿಷ ಓಡಿಸಿ ಎಂಜಿನ್ ಬಿಸಿ ಮಾಡಿ ಒಯ್ಯಿರಿ.

ವಿಮೆಯಲ್ಲಿ ಒಂದು ವಿಷಯ ಗೊತ್ತಿರಲಿ. ಅಪಘಾತದ ರಿಪೇರಿ ಖರ್ಚು ಐಡಿವಿಯ, ಅಂದರೆ ವಿಮೆಯಲ್ಲಿ ಕಾರಿಗೆ ಕಟ್ಟಿದ ಬೆಲೆಯ, ಶೇ. 75 ದಾಟಿದರೆ ಕಾರನ್ನು ಪೂರ್ತಿ ನಷ್ಟ ಎಂದು ಲೆಕ್ಕ ಹಾಕುತ್ತಾರೆ. ಐಡಿವಿ 1,20,000 ಇದ್ದರೆ 90,000 ದಾಟುವ ಒಂದೇ ಪೆಟ್ಟಿಗೆ ಕಾರಿನ ಕಥೆ ಮುಗಿಯುತ್ತದೆ. ಹಾಗಾಗಿ ಐಡಿವಿಯನ್ನು ತೀರ ಇಳಿಸಿ ಪ್ರೀಮಿಯಂ ಉಳಿಸುವ ಸಲಹೆ ಕೇಳಬೇಡಿ.

ಕೊಡುವುದೆಂದು ತೀರ್ಮಾನವಾದರೆ ಇದ್ದ ಹಾಗೆಯೇ ಕೊಡಿ. ಮಾರಲೆಂದು ಹಾಕಿದ ಕ್ಲಚ್ಚಿನ ದುಡ್ಡು ಬೆಲೆಯಲ್ಲಿ ವಾಪಸು ಬರುವುದಿಲ್ಲ. ಆರ್‌ಸಿ ಮುಗಿಯಲು ಎರಡು ಮೂರು ತಿಂಗಳಿರುವಾಗ ಬೆಲೆ ಅತಿ ಕಡಿಮೆ, ಅದಕ್ಕಿಂತ ಸಾಕಷ್ಟು ಮುಂಚೆ ಅಥವಾ ನವೀಕರಣದ ನಂತರ ಮಾರಿ. ನಮೂನೆ 29, 30ಕ್ಕೆ ಸಹಿ ಹಾಕುವಾಗ ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿಯೇ ಹಾಕಿ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಆ ಕಾರು ಮಾಡುವ ಅಪಘಾತ ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ನೋ ಕ್ಲೇಮ್ ಬೋನಸ್ ಇದ್ದರೆ ವಿಮಾ ಕಂಪನಿಯಿಂದ ಪತ್ರ ತೆಗೆದುಕೊಳ್ಳಿ, ಅದು ಹೊಸ ಕಾರಿನ ಪ್ರೀಮಿಯಂನಲ್ಲಿ ಮೂರು ವರ್ಷದೊಳಗೆ ಉಪಯೋಗಕ್ಕೆ ಬರುತ್ತದೆ.

ತಳ ಕೊಳೆತದ್ದು ಖಚಿತವಾದರೆ ಮಾತ್ರ ಒಂದು ಬೇಡಿಕೆ. ಪ್ಯಾಚ್ ಹೊಡೆಸಿ ಬಣ್ಣ ಬಳಿದು ಇನ್ನೊಂದು ಮನೆಗೆ ದಾಟಿಸಬೇಡಿ. ಒಂದೂವರೆ ಲಕ್ಷಕ್ಕೆ ಕಾರು ಹುಡುಕುವ ಮನೆಯಲ್ಲಿ ಮಕ್ಕಳೂ ಇರುತ್ತಾರೆ. ಸರ್ಕಾರದ ನೋಂದಣಿ ಪಡೆದ ಗುಜರಿ ಕೇಂದ್ರಕ್ಕೆ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯಿರಿ; ಸಿಗುವ ದುಡ್ಡು ಕಡಿಮೆ, ಆದರೆ ಹೊಸ ಕಾರಿನ ತೆರಿಗೆಯಲ್ಲಿ ಆ ಪತ್ರಕ್ಕೆ ರಿಯಾಯಿತಿಯಿದೆ, ಎಷ್ಟೆಂದು ಸಾಗರದ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಇಟ್ಟುಕೊಳ್ಳುವುದಾದರೆ ಕೆಲಸದ ಕ್ರಮ ಹೀಗಿರಲಿ: ಬ್ರೇಕ್, ಬಾಲ್ ಜಾಯಿಂಟ್ ಮೊದಲು, ಹೊಗೆ ಎರಡನೆಯದು, ಕ್ಲಚ್ ಮೂರನೆಯದು, ಎಸಿ ಕೊನೆಗೆ. ತಳದ ಮಣ್ಣು ತೊಳೆಸಿ, ತುಕ್ಕು ಕೆರೆಸಿ, ಪ್ರೈಮರ್ ಹೊಡೆಸುವ ಕೆಲಸ ಮೇ ತಿಂಗಳೊಳಗೆ, ತಗಡು ಪೂರ್ತಿ ಒಣಗಿರುವಾಗಲೇ ಆಗಬೇಕು. ಬದಲಿಸಿದ ಪ್ರತಿ ಹಳೆ ಭಾಗವನ್ನೂ ಕೇಳಿ ಕೈಗೆ ಪಡೆಯಿರಿ.